ಬಾನೆಟ್ ಮುಚ್ಚುವ ಕೈ

ಡಾಕ್ಟರರ ಕಾರು ಎರಡನೇ ಸಲ ವಾಪಸ್ ಬಂದ ದಿನ ಪಿನ್ನಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಹಸಿವಿರಲಿಲ್ಲ ಅಂತಲ್ಲ, ಹೊಟ್ಟೆ ಚುರುಗುಟ್ಟುತ್ತಲೇ ಇತ್ತು. ಆದರೆ ಕೌಂಟರಿನ ಹಿಂದೆ ಕೂತಿದ್ದ ಅಣ್ಣ, “ಮೊದ್ಲು ಊಟ ಮಾಡು, ಆಮೇಲೆ ಮಾತಾಡೋಣ” ಅಂದುಬಿಟ್ಟಿದ್ದ. ಅಣ್ಣ ಇಷ್ಟು ಮೆತ್ತಗೆ ಮಾತಾಡಿದನೆಂದರೆ ಏನೋ ಎಡವಟ್ಟು ಕಾದಿದೆ ಎಂದೇ ಅರ್ಥ. ಅವಳು ಡಬ್ಬಿಯನ್ನು ಟೂಲ್‌ಬಾಕ್ಸಿನ ಮೇಲೆ ಕುಕ್ಕಿ, ಕೈ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋಗಿ ಕೌಂಟರಿನ ಮುಂದೆ ನಿಂತಳು.

“ಹೇಳೋದಿದ್ರೆ ಈಗ್ಲೇ ಹೇಳು. ಊಟ ಎಲ್ಲೂ ಓಡಿಹೋಗಲ್ಲ.”

“ಇನ್ನೊಂದ್ಸಲ ಬಂದ್ರೆ ಮೂರಾಗುತ್ತೆ,” ಅಂದ ಅಣ್ಣ. “ಮೂರಾದ್ರೆ ಏನು ಅಂತ ನಿನಗೆ ನಾನು ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಆ ವರ್ಕ್‌ಶಾಪಿನ ಗೋಡೆಗೂ ಗೊತ್ತಿದ್ದ ಮಾತು ಅದು. ಒಂದೇ ಗಾಡಿ ಒಂದೇ ದೂರು ಹೊತ್ತುಕೊಂಡು ಮೂರು ಸಲ ವಾಪಸ್ ಬಂದರೆ, ಅದರ ಕೆಲಸ ಮಾಡಿದವರು ಇಂಜಿನ್ ಬೆಂಚು ಬಿಟ್ಟು ಇಳಿಯಬೇಕು. ಅವರ ಅಪ್ಪ ಮಾಡಿದ ಕಾನೂನು. ಅಪ್ಪನನ್ನು ಬೀದಿಯೆಲ್ಲ ಮೇಸ್ತ್ರಿ ಎನ್ನುತ್ತದೆ. ಎಪ್ಪತ್ತೆರಡು ದಾಟಿದರೂ ದಿನಾ ಎಂಟು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂರುವ ಮನುಷ್ಯ. ಅವರ ಕಾನೂನಿಗೆ ನೆಂಟರು ಇಷ್ಟರು ಅಂತ ಭೇದವಿಲ್ಲ. ಒಂಬತ್ತು ವರ್ಷದ ಹಿಂದೆ ಅವರದೇ ಬಲಗೈ ಎನ್ನಿಸಿಕೊಂಡಿದ್ದ ಎಡಚಣ್ಣನನ್ನು ಹೀಗೇ ಇಳಿಸಿದ್ದರು. ಒಬ್ಬ ಟ್ಯಾಕ್ಸಿಯವನ ವ್ಯಾನು, ಏರು ಹತ್ತುವಾಗ ಬಿಸಿಯಾಗುತ್ತೆ ಎಂದು ಮೂರು ಸಲ ವಾಪಸ್ ಬಂದಿತ್ತು. ಎಡಚಣ್ಣ ಅವತ್ತಿನಿಂದ ಹಿತ್ತಲಿನ ಕಡೆ ಗಾಡಿ ತೊಳೆಯುತ್ತಾನೆ. ಅವನು ಬಿಟ್ಟ ಬೆಂಚಿಗೇ ಪಿನ್ನಕ್ಕ ಬಂದದ್ದು. ಅದಕ್ಕೆ ಮುಂಚೆ ಹದಿನೆಂಟು ವರ್ಷ ಅವಳು ಬ್ರೇಕು, ಗ್ರೀಸು ಅಂತ ಗಾಡಿಗಳ ಹೊಟ್ಟೆಯಡಿಯೇ ಬಿದ್ದಿದ್ದಳು.

ಪಿನ್ನಕ್ಕನಿಗೆ ಬೇರೆ ಹೆಸರಿಲ್ಲವೇ ಎಂದರೆ ಇದೆ, ಮದುವೆ ಕಾಗದದಲ್ಲಿ ಚೆಂದಾಗಿ ಅಚ್ಚು ಹಾಕಿಸಿದ್ದರು. ಆಮೇಲೆ ಅದನ್ನು ಯಾರೂ ಬಳಸಿಲ್ಲ. ಚಿಕ್ಕವಳಿದ್ದಾಗ ಕುಳ್ಳಗೆ, ಸಣ್ಣಗೆ, ಮುಟ್ಟಿದರೆ ಚುಚ್ಚುವ ಹಾಗಿದ್ದಳೆಂದು ಅಣ್ಣ ಗುಂಡುಪಿನ್ನು ಅಂತ ಕರೆದ. ಅದು ಪಿನ್ನಾಯಿತು, ಮದುವೆಯಾದ ಮೇಲೆ ಪಿನ್ನಕ್ಕ ಆಯಿತು. ಗಂಡ ದರ್ಜಿ. ಅವಳ ಪ್ಯಾಂಟುಗಳಿಗೆ ಹನ್ನೊಂದು ಜೇಬು ಹೊಲಿದುಕೊಟ್ಟು, “ನನ್ನನ್ನೂ ಒಂದ್ರಲ್ಲಿ ಹಾಕ್ಕೊಂಡು ಹೋಗು” ಎಂದು ರೇಗಿಸುವ ಪುಣ್ಯಾತ್ಮ. ಇಂಜಿನ್ ಬೆಂಚು ಸಿಕ್ಕಾಗ ಅವಳಿಗೆ ಮೂವತ್ತನಾಲ್ಕು. ಅವತ್ತಿನಿಂದ ಅವಳು ಕಟ್ಟಿದ ಇಂಜಿನ್ನು ಒಂದೂ ಮೂರನೇ ಸಲ ಬಂದಿರಲಿಲ್ಲ. ಎರಡನೇ ಸಲ ಬಂದದ್ದೂ ಇದೇ ಮೊದಲು.

ಹಲ್ಲಿನ ಡಾಕ್ಟರರ ಕಥೆ ಹೀಗೆ. ಆತ ಒಳ್ಳೆಯ ಮನುಷ್ಯ, ಆದರೆ ಕಾರಿನ ಹುಚ್ಚು. ಎಲ್ಲಿಂದಲೋ ಒಂದು ಸೂಪರ್‌ಚಾರ್ಜರ್ ತರಿಸಿಕೊಂಡು, ಪೆಟ್ಟಿಗೆ ಸಮೇತ ಹೊತ್ತು ತಂದಿದ್ದರು. ಇಂಜಿನ್ನು ತಾನಾಗಿ ಎಳೆದುಕೊಳ್ಳುವ ಗಾಳಿ ಸಾಲದೆಂದು, ಬೆಲ್ಟಿನಿಂದ ತಿರುಗುತ್ತ ಗಾಳಿಯನ್ನು ಬಲವಂತವಾಗಿ ಒಳಗೆ ತುರುಕುವ ಯಂತ್ರ ಅದು. ಊರಿನ ನಾಲ್ಕು ಗ್ಯಾರೇಜಿನವರು ಕೈಮುಗಿದು ಕಳಿಸಿದ್ದರು. ಪಿನ್ನಕ್ಕ ಪೆಟ್ಟಿಗೆ ತೆಗೆದು ನೋಡಿ, “ಮೂರು ವಾರ ಕೊಡಿ” ಅಂದಳು. ಅಣ್ಣ ಬೇಡ ಅಂದ. ಅವಳು ಕ್ಯಾರೇ ಅನ್ನಲಿಲ್ಲ. ದೊಡ್ಡ ಇಂಜೆಕ್ಟರು ಹಾಕಿದಳು, ಪೆಟ್ರೋಲ್ ಪಂಪು ಬದಲಿಸಿದಳು, ಕಿಡಿ ಹಾರುವ ಹೊತ್ತನ್ನು ಹಿಂದೆ ಸರಿಸಿದಳು, ಪುಲ್ಲಿಗಳು ಒಂದೇ ನೇರಕ್ಕೆ ಬರುವವರೆಗೆ ದಾರ ಹಿಡಿದು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಳು. ಡ್ಯಾಶ್‌ಬೋರ್ಡಿನಲ್ಲಿ ಒತ್ತಡ ತೋರಿಸುವ ಗಡಿಯಾರವೊಂದನ್ನು ಕೂರಿಸಿದಳು. ಊರಾಚೆ ಕಲ್ಲುಗಣಿಗೆ ಹೋಗುವ ನಾಲ್ಕು ಮೈಲಿ ಏರಿನಲ್ಲಿ ಓಡಿಸಿದಾಗ ಮುಳ್ಳು ಏಳರ ಮೇಲೆ ನಿಂತು ಕದಲಲಿಲ್ಲ. ಕಾರು ಹಾರಿತು. ಅವಳು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಳು.

ನಾಲ್ಕು ದಿನಕ್ಕೆ ಡಾಕ್ಟರು ವಾಪಸ್. “ಅರ್ಧ ಏರು ಚೆನ್ನಾಗಿ ಹತ್ತುತ್ತೆ. ಆಮೇಲೆ ಮುಳ್ಳು ಮೂರಕ್ಕೆ ಬೀಳುತ್ತೆ, ಕಾರು ಉಸಿರು ಬಿಡುತ್ತೆ.” ಅವಳು ಎಲ್ಲ ಬಿಚ್ಚಿದಳು. ಒಂದು ಗಾಳಿ ಪೈಪಿನ ಕ್ಲ್ಯಾಂಪು ಕೂದಲೆಳೆಯಷ್ಟು ಸಡಿಲವಿತ್ತು. ಇದೇ ಇರಬೇಕೆಂದು ಬಿಗಿಸಿ, ಏರು ಹತ್ತಿಸಿ, ಏಳು ನೋಡಿಕೊಂಡು ಕಳಿಸಿದಳು. ವಾರಕ್ಕೆ ಮತ್ತೆ ವಾಪಸ್, ಅದೇ ದೂರು. ಡಾಕ್ಟರು ರೋಗಿಗೆ ಹೇಳುವ ದನಿಯಲ್ಲಿ, “ನಿಮ್ಮ ಮೇಲೆ ಬೇಜಾರಿಲ್ಲ, ಇದು ನಿಮ್ಮ ಕೈಲಾಗದ ಕೆಲಸ ಇರ್ಬಹುದು” ಎಂದರು. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಈಗ ಅಣ್ಣ ಹೇಳುತ್ತಿದ್ದ. “ಪಟ್ಟಣದಿಂದ ಲ್ಯಾಪ್‌ಟಾಪ್ ಹಾಕಿ ಇಂಜಿನ್ ನೋಡೋನನ್ನ ಕರೆಸ್ತೀನಿ. ನೀನು ಗಾಡಿಯ ಕೆಲಸದ ಕಾರ್ಡಿನಲ್ಲಿ ಜೋಡಣೆ ತಪ್ಪು ಅಂತ ಬರೆದು ಸಹಿ ಹಾಕು. ಮೂರನೇ ಸಲ ಬರೋಕೆ ಮುಂಚೆ ನೀನೇ ಮರ್ಯಾದೆಯಾಗಿ ಕೌಂಟರಿಗೆ ಬಾ. ನಲವತ್ತಮೂರಾಯ್ತು, ಎಷ್ಟು ದಿನ ಅಂತ ಆ ಮಸಿಯಲ್ಲಿ ಒದ್ದಾಡ್ತೀಯ?”

“ತಪ್ಪು ಮಾಡಿದ್ರೆ ಬರೀತೀನಿ. ಮಾಡಿಲ್ಲ, ಬರೆಯಲ್ಲ.”

“ಮತ್ತೆ ಕಾರು ಯಾಕೆ ಸಾಯ್ತಿದೆ?”

“ಗೊತ್ತಿಲ್ಲ. ಗೊತ್ತಿಲ್ಲ ಅಂತ ಬೇಕಾದ್ರೆ ನೂರು ಸಲ ಬರೀತೀನಿ. ತಪ್ಪು ಅಂತ ತಲೆ ಮೇಲೆ ತಲೆ ಬಿದ್ರೂ ಬರೆಯಲ್ಲ.”

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಮೂರು ಅಂದ್ರೆ ಮೂರೇ,” ಎಂದರು ಅಷ್ಟೇ. “ಇನ್ನೂ ಎರಡೇ ಆಗಿರೋದು. ನೋಡ್ಲಿ.”

ನೋಡಿದಳು. ಐದು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಪ್ಲಗ್ಗುಗಳನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟಳು, ನಾಲ್ಕೂ ಒಂದೇ ಬಣ್ಣ. ಪೆಟ್ರೋಲಿನ ಒತ್ತಡ ಅಳೆದಳು, ಸರಿ. ಪೈಪುಗಳೊಳಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತದೆ ಎಂದು ಕಾದಳು, ಎಲ್ಲೂ ಸೋರಲಿಲ್ಲ. ಹೆಚ್ಚಾದ ಗಾಳಿಯನ್ನು ಹೊರಬಿಡುವ ಕವಾಟ ಕಚ್ಚಿಕೊಂಡಿದೆಯೇ ಎಂದು ಕಳಚಿ ಬಾಯಿಂದ ಊದಿದಳು, ಮಗುವಿನ ಪೀಪಿಯ ಹಾಗೆ ಸರಾಗ. ಬೆಲ್ಟು ತೆಗೆದು, ತನ್ನ ಅಭ್ಯಾಸದಂತೆ ಪೆಟ್ರೋಲಿನ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿ, ಬಿಗಿ ಅಳೆದು ಹಾಕಿದಳು. ಏರು ಹತ್ತಿಸಿದಳು. ಏಳು. ಇಳಿಸಿ ಮತ್ತೆ ಹತ್ತಿಸಿದಳು. ಮತ್ತೂ ಏಳು. ಅವಳ ಕೈಯಲ್ಲಿ ಏಳು, ಡಾಕ್ಟರರ ಕೈಯಲ್ಲಿ ಮೂರು. ಇದೆಂಥ ಕರ್ಮ. ಇಂಜಿನ್ನಿಗೆ ಮುಖ ನೋಡಿ ಮಣೆ ಹಾಕುವ ಬುದ್ಧಿ ಎಲ್ಲಿಂದ ಬರಬೇಕು? ಅದಕ್ಕೆ ಗಾಳಿ, ಪೆಟ್ರೋಲು, ಕಿಡಿ ಬಿಟ್ಟರೆ ಇನ್ನೇನೂ ತಿಳಿಯದು.

ಆರನೇ ದಿನ ಕಾರನ್ನು ತೊಳೆಯಲು ಹಿತ್ತಲಿಗೆ ತಂದಳು. ಎಡಚಣ್ಣ ಪ್ಯಾಂಟು ಮಡಚಿಕೊಂಡು, ಎಡಗೈಯಲ್ಲಿ ಪೈಪು ಹಿಡಿದು ನಿಂತಿದ್ದ. ಹಿಂದೆ ವಾಲ್ವಿನ ಸಂದು ಹೊಂದಿಸುವುದನ್ನು ಅವಳಿಗೆ ಹೇಳಿಕೊಟ್ಟವನೇ ಅವನು. ಬೆಂಚು ಕೈಬದಲಾದ ಮೇಲೆ ಇಬ್ಬರ ನಡುವೆ ಮಾತು ಬರೀ ಹ್ಞೂಂ, ಊಹ್ಞೂಂ ಆಗಿತ್ತು.

“ಏಳು ತೋರಿಸ್ತಾ?” ಅಂದ ಎಡಚಣ್ಣ.

“ತೋರಿಸ್ತು. ನಾಲ್ಕು ದಿನಕ್ಕೆ ಮೂರಾಗುತ್ತೆ, ನಾನು ಕೌಂಟರಿಗೆ ಹೋಗ್ತೀನಿ. ಖುಷಿನಾ?”

ಅವನು ಆ ಚುಚ್ಚುಮಾತಿಗೆ ಸೊಪ್ಪು ಹಾಕಲಿಲ್ಲ. ಚಕ್ರಕ್ಕೆ ನೀರು ಬಿಡುತ್ತ, “ನೀನು ಏರು ಹತ್ತಿಸೋದು ಬಾನೆಟ್ ಮುಚ್ಚೋಕೆ ಮುಂಚೆ,” ಎಂದ. “ಡಾಕ್ಟ್ರು ಹತ್ತಿಸೋದು ಮುಚ್ಚಿದ ಮೇಲೆ.”

“ಬಾನೆಟ್ ತೆರ್ಕೊಂಡು ಯಾರಾದ್ರೂ ಕಾರು ಓಡಿಸ್ತಾರಾ?”

“ನಾನು ಹೇಳಿದ್ದು ಆ ಮುಚ್ಚೋದಲ್ಲ.”

ಅವಳಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಸಿಟ್ಟು ಬಂದ ಜಾಗದಲ್ಲೇ ಏನೋ ಕೊರೆಯತೊಡಗಿತು. ಆ ವರ್ಕ್‌ಶಾಪಿನಲ್ಲಿ ಒಂದು ರೂಢಿಯಿತ್ತು. ಕೆಲಸ ಮುಗಿದು, ಗಾಡಿ ತೊಳೆದಾದ ಮೇಲೆ, ಕೊನೆಯದಾಗಿ ಬಾನೆಟ್ ಮುಚ್ಚುವವರು ಮೇಸ್ತ್ರಿ. ಮೆಕ್ಯಾನಿಕ್ಕು ಕೈ ತೊಳೆಯಲು ಹೋಗುತ್ತಾನೆ, ಅಪ್ಪ ಒಬ್ಬರೇ ಇಂಜಿನ್ನಿನ ಮೇಲೆ ಬಾಗಿ ಕಿವಿಗೊಡುತ್ತಾರೆ, ಏನೋ ಮುಟ್ಟುತ್ತಾರೆ, ಟಪ್ ಎಂದು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲುವುದು ಅಧಿಕಪ್ರಸಂಗ. ಮೇಸ್ತ್ರಿಯ ಕೈಗುಣ ನೋಡಿ, ಇಂಜಿನ್ ಬೆಕ್ಕಿನ ಹಾಗೆ ಸುಮ್ಮನಾಯಿತು ಎಂದು ಗಿರಾಕಿಗಳು ಹೇಳುತ್ತಿದ್ದರು. ಪಿನ್ನಕ್ಕನೂ ಹೇಳುತ್ತಿದ್ದಳು.

ಅವತ್ತು ಅವಳು ಕೈ ತೊಳೆಯಲು ಹೋಗಲಿಲ್ಲ. ಡಾಕ್ಟರು ಬಂದು ಅಣ್ಣನ ಎದುರು ಕೂತಿದ್ದರು. ಕಾರು ತೊಳೆದು ಅಂಗಳದಲ್ಲಿ ನಿಂತಿತ್ತು, ಇಂಜಿನ್ ಓಡುತ್ತಿತ್ತು. ಅಪ್ಪ ಬಂದರು.

“ಹೋಗು, ಕೈ ತೊಳ್ಕೋ.”

“ಆಮೇಲೆ ತೊಳ್ಕೋತೀನಿ.”

“ಪಕ್ಕದಲ್ಲಿ ನಿಂತ್ರೆ ನನಗೆ ಕೇಳ್ಸಲ್ಲ.”

“ಉಸಿರೂ ಬಿಡಲ್ಲ ಅಪ್ಪ. ನೀವು ಮಾಡಿ.”

ಅವರು ಅವಳ ಮುಖವನ್ನು ಒಂದು ಕ್ಷಣ ದುರುಗುಟ್ಟಿ ನೋಡಿದರು. ಅವಳು ಕದಲಲಿಲ್ಲ. ಹಟದಲ್ಲಿ ಅವಳು ಅವರದೇ ಮಗಳು. ಕೊನೆಗೆ ಅವರು ಬಾಗಿದರು. ಗಾಳಿ ತುರುಕುವ ಬ್ಲೋವರಿನ ಬೆಲ್ಟಿನಿಂದ ಕೊಯ್ಯ್ ಎಂಬ ಸಣ್ಣ ಸದ್ದು ಬರುತ್ತಿತ್ತು, ಅದು ಬಿಗಿ ಬೆಲ್ಟಿನ ಸಹಜ ದನಿ. ಅಪ್ಪ ಮುಖ ಹಿಂಡಿದರು. ಇಂಜಿನ್ ಆರಿಸಿ, ಅಂಗಿಯ ಜೇಬಿನಿಂದ ಬೆರಳುದ್ದದ ಮೇಣದ ತುಂಡೊಂದನ್ನು ತೆಗೆದು, ಬೆಲ್ಟಿನ ಒಳಮೈಗೆ ನಾಲ್ಕು ಸಲ ಹದವಾಗಿ ಸವರಿದರು. ಮತ್ತೆ ಚಾಲೂ ಮಾಡಿದರು. ಸದ್ದು ಅಡಗಿತು. ಅವರ ಮುಖ ಅರಳಿತು.

“ನೋಡಿದ್ಯಾ? ಗಾಡಿ ಕಿರುಚ್ಕೊಂಡು ಹೊರಗೆ ಹೋದ್ರೆ ನಮ್ಮ ಹೆಸರು ಕೆಡುತ್ತೆ. ನಲವತ್ತು ವರ್ಷದಿಂದ ಒಂದು ಗಾಡೀನೂ ಹಾಗೆ ಕಳಿಸಿಲ್ಲ.”

ಪಿನ್ನಕ್ಕ ಬೆಲ್ಟನ್ನೇ ನೋಡಿದಳು. ಆ ಬೆಲ್ಟಿನ ಮೇಲೆ ಒಂದು ಇಂಜಿನ್ನಿನ ಅರ್ಧ ಜೀವ ನಿಂತಿದೆ. ತಣ್ಣಗಿದ್ದಾಗ ಹೇಗೋ ಹಿಡಿದುಕೊಳ್ಳುತ್ತದೆ. ಏರಿನಲ್ಲಿ ಬಿಸಿಯಾಗಿ ಮೇಣ ಕರಗಿದ ಕೂಡಲೇ ಜಾರುತ್ತದೆ, ಬ್ಲೋವರು ನಿಧಾನವಾಗುತ್ತದೆ, ಒತ್ತಡ ಕುಸಿಯುತ್ತದೆ. ಪ್ರತಿ ಸಲವೂ ಅವಳೇ ಅದನ್ನು ಪೆಟ್ರೋಲಿನಲ್ಲಿ ಒರೆಸಿ, ಸಾಕ್ಷಿಯನ್ನು ತನ್ನ ಕೈಯಾರೆ ಅಳಿಸಿ, ಏಳು ನೋಡಿಕೊಂಡು ಕುಣಿದಿದ್ದಳು.

“ಅಪ್ಪ, ಕಾರು ಹತ್ತಿ,” ಎಂದಳು.

“ಎಲ್ಲಿಗೆ?”

“ಗಣಿ ಏರಿಗೆ. ಹತ್ತಿ ಅಂದ್ರೆ ಹತ್ತಿ.”

ಡಾಕ್ಟರು, ಅಣ್ಣ ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಕಾರು ಗೇಟು ದಾಟಿತು. ಏರಿನ ಮೊದಲ ಮೈಲಿ ಏಳು, ಎರಡನೇ ಮೈಲಿ ಆರು. ಮೂರನೆಯದರಲ್ಲಿ ಮುಳ್ಳು ಸುಮ್ಮನೆ ಕೆಳಗಿಳಿದು ಮೂರಕ್ಕೆ ಬಂತು. ಕಾರು ತೆವಳಿತು.

“ಇಂಜಿನ್ನಲ್ಲೇ ದಮ್ಮಿಲ್ಲ,” ಎಂದರು ಅಪ್ಪ.

ಅವಳು ಕಾರು ಬದಿಗೆ ಹಾಕಿ, ಇಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ಬಟ್ಟೆಯಿಂದ ಒಂದೊಂದೇ ಗೆರೆಯನ್ನು ಉಜ್ಜಿ ಒರೆಸಿದಳು, ಪುಲ್ಲಿಗಳನ್ನೂ ಒರೆಸಿದಳು. ಹಾಕಿ ಬಿಗಿಸಿ, ಕೆಳಗಿಳಿಸಿ, ಬುಡದಿಂದ ಮತ್ತೆ ಹತ್ತಿಸಿದಳು. ಏಳು, ಏಳು, ಏಳು. ಗಣಿಯ ಬಾಗಿಲವರೆಗೂ ಏಳು. ಅಪ್ಪ ಒತ್ತಡದ ಮುಳ್ಳನ್ನೇ ನೋಡುತ್ತಿದ್ದರು. ಅವರು ಮೇಸ್ತ್ರಿ. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಗಣಿಯ ಬಾಗಿಲಲ್ಲಿ ಕಾರು ನಿಂತಾಗ, “ಹಳೇ ಗಾಡಿಗಳಿಗೆ ನಡೀತಿತ್ತು,” ಎಂದರು.

“ಹ್ಞೂಂ. ಸಪಾಟು ರಸ್ತೆಯಲ್ಲಿ, ಭಾರ ಇಲ್ದಾಗ ನಡೀತಿತ್ತು.”

“ಬೆಲ್ಟ್ ಹಳೇದಾಗಿತ್ತು, ಬದಲಾಯ್ಸಿದ್ವಿ ಅಂತ ಬರೆದುಬಿಡು. ನಿನ್ನ ಬೆಂಚು ನಿನಗೆ ಉಳಿಯುತ್ತೆ. ನಾನು ಇನ್ಮೇಲೆ ಹಚ್ಚಲ್ಲ.”

ಜನ್ಮದಲ್ಲಿ ಮೊದಲ ಬಾರಿ ಅಪ್ಪ ಅವಳನ್ನು ಏನನ್ನೋ ಕೇಳಿಕೊಳ್ಳುತ್ತಿದ್ದರು. ಸುಳ್ಳೇಕೆ ಹೇಳಬೇಕು, ಹ್ಞೂಂ ಎನ್ನಲು ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಟ್ಯಾಕ್ಸಿಯವನ ಆ ವ್ಯಾನು ನೆನಪಾಯಿತು. ಏರು ಹತ್ತುವಾಗ ಬಿಸಿಯಾಗುತ್ತೆ. ವ್ಯಾನಿನಲ್ಲಿ ನೀರಿನ ಪಂಪು ತಿರುಗುವುದೂ ಬೆಲ್ಟಿನಿಂದಲೇ. ಬಾನೆಟ್ ಮುಚ್ಚಿದವರೂ ಇವರೇ.

“ಆಗಲ್ಲ ಅಪ್ಪ.”

“ನಾನು ನಿನ್ನ ಅಪ್ಪ ಕಣೇ.”

“ಅದಕ್ಕೇ ಆಗಲ್ಲ. ಎಡಚಣ್ಣನ ವ್ಯಾನು ಯಾಕೆ ಬಿಸಿಯಾಗ್ತಿತ್ತು? ಹೇಳಿ.”

ಅಪ್ಪನ ಮುಖ ಬಿಳಿಚಿಕೊಂಡಿತು. ಇಳಿಜಾರಿನುದ್ದಕ್ಕೂ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲರೂ ಗುಂಪುಗೂಡಿದ್ದರು. “ಏನಾಯ್ತು?” ಅಂದ ಅಣ್ಣ.

“ಬೆಲ್ಟಿಗೆ ಮೇಣ,” ಎಂದಳು ಪಿನ್ನಕ್ಕ, ಡಾಕ್ಟರರಿಗೂ ಕೇಳುವ ಹಾಗೆ. “ಅಪ್ಪ ಹಚ್ಚಿದ್ದು. ಕಾರ್ಡ್ ಕೊಡು, ಹಾಗೇ ಬರೀತೀನಿ.”

ಅಣ್ಣ ಅವಳ ತೋಳು ಹಿಡಿದ. “ಬಾಯಿ ಮುಚ್ಚು. ಹತ್ತು ಜನರ ಮುಂದೆ ಅಪ್ಪನ ಮಾನ ತೆಗೀತೀಯಾ?”

“ಎಡಚಣ್ಣನ ಮಾನ ತೆಗೆದಾಗ ಹನ್ನೆರಡು ಜನ ಇದ್ರು. ಆಗ ನೀನು ಯಾರ ಬಾಯಿ ಮುಚ್ಚಿಸ್ದೆ?”

“ಬಿಡೋ ಅವಳನ್ನ,” ಎಂದರು ಅಪ್ಪ. ದನಿ ಕುಗ್ಗಿತ್ತು. ಆದರೂ ನೆಟ್ಟಗೆ ನಡೆದು ಹಿತ್ತಲಿಗೆ ಹೋದರು, ಎಲ್ಲರೂ ಹಿಂದೆ ಹೋದರು. ಎಡಚಣ್ಣ ಒಂದು ಬಿಳಿ ಕಾರು ತೊಳೆಯುತ್ತಿದ್ದ. ಅಪ್ಪ ಅವನ ಎದುರು ನಿಂತು, “ಆ ವ್ಯಾನು ನಿನ್ನ ತಪ್ಪಲ್ಲ. ನನ್ನ ಕೈ,” ಎಂದರು.

ಎಡಚಣ್ಣ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. “ಗೊತ್ತಿತ್ತು ಮೇಸ್ತ್ರಿ.”

“ಗೊತ್ತಿದ್ದೂ ಒಂಬತ್ತು ವರ್ಷ ಸುಮ್ನಿದ್ಯಾ?” ಪಿನ್ನಕ್ಕನಿಗೆ ತಡೆಯಲಾಗಲಿಲ್ಲ. “ಒಂದು ಮಾತು ಹೇಳೋಕೇನಾಗಿತ್ತು?”

ಅವನು ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. “ಹೇಳೋಕೆ ಬಂದಿದ್ದೆ. ಮೂರನೇ ಸಲ ವ್ಯಾನು ಬಂದ ಮಧ್ಯಾಹ್ನ ನಿಮ್ಮನೆಗೆ ಬಂದೆ. ನೀನೇ ಬಾಗಿಲಲ್ಲಿ ನಿಂತಿದ್ದೆ. ಮೇಸ್ತ್ರಿ ಕೈ ಬಗ್ಗೆ ಒಂದು ಮಾತಿದೆ ಅಂದೆ. ಅವರ ಕೈ ಬಗ್ಗೆ ಮಾತಾಡೋಕೆ ನೀನ್ಯಾರು ಅಂದು ನೀನು ಬಾಗಿಲು ಹಾಕ್ಕೊಂಡೆ. ಮಾರನೇ ದಿನ ನೀನು ಬೆಂಚಿಗೆ ಬಂದೆ.”

ಅವಳಿಗೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಅಪ್ಪನ ಪರ ಹಾಗೆ ಎದೆ ಕೊಟ್ಟು ಮಾತಾಡಿದೆನಲ್ಲ ಎಂದು ಅವತ್ತೆಲ್ಲ ಬೀಗಿದ್ದಳು, ಗಂಡನಿಗೂ ಹೇಳಿಕೊಂಡಿದ್ದಳು. ಈಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಯಾರೋ ಹೋಗಲಿ ಬಿಡಿ ಎಂದರು. ಹಳೇ ಕಥೆ ಎಂದು ಅಣ್ಣ ದನಿಗೂಡಿಸಿದ.

“ಹೌದು. ಅಂದಿದ್ದೆ,” ಎಂದಳು ಪಿನ್ನಕ್ಕ. “ತಪ್ಪು ನಂದು. ಅದನ್ನೂ ಕಾರ್ಡಿನಲ್ಲಿ ಬರೀತೀನಿ.”

ಒಳಗೆ ಹೋಗಿ ಬೆಂಚಿನ ಎಡಗಡೆಯಿದ್ದ ತನ್ನ ಸಾಮಾನನ್ನೆಲ್ಲ ಬಲಕ್ಕೆ ತಳ್ಳಿದಳು. ಬಲ ಮೂಲೆಯಲ್ಲಿದ್ದ, ಬಿಡಿಭಾಗ ಕಚ್ಚಿ ಹಿಡಿಯುವ ವೈಸನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ, ಎಡಗೈಯವನಿಗೆ ಒಗ್ಗುವಂತೆ ಎಡ ಮೂಲೆಗೆ ಕೂರಿಸಿದಳು. ಅಣ್ಣ ಹಿಂದೆಯೇ ಬಂದಿದ್ದ. “ನಿನ್ನನ್ನ ಯಾರು ಇಳಿ ಅಂದ್ರು?”

“ನಾನೆಲ್ಲಿ ಇಳಿದೆ? ಇಳಿಯಲ್ಲ. ಜಾಗ ಬಿಡ್ತಿದೀನಿ. ಸ್ಪ್ಯಾನರ್ ಕೊಡು ಇಲ್ಲಿ.”

ನಾಲ್ಕು ಬೋಲ್ಟು ಬಿಗಿಸಿ ಹಿತ್ತಲಿನ ಬಾಗಿಲಿಗೆ ಬಂದಳು. “ಎಡಚಣ್ಣ, ಬಾ. ವೈಸ್ ಹಾಕಿದೀನಿ.”

ಎಡಚಣ್ಣ ಅವಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ಬಿಸಿಲಲ್ಲಿ ಸಾಲಾಗಿ ನಿಂತಿದ್ದ ಅಷ್ಟೂ ಜನರನ್ನು ನೋಡಿದ. ಆಮೇಲೆ ನಲ್ಲಿ ತಿರುಗಿಸಿ ಮತ್ತೆ ನೀರು ಬಿಟ್ಟ.

“ಈ ಗಾಡಿ ಅರ್ಧ ತೊಳೆದಿದೆ,” ಎಂದ. “ಮುಗಿಸ್ಕೊಂಡು ಬರ್ತೀನಿ.”

ನಾಲ್ಕೂ ಚಕ್ರಗಳನ್ನು ಒಂದೊಂದಾಗಿ, ಬೆರಳು ಹಾಕಿ ಉಜ್ಜಿ ಉಜ್ಜಿ ತೊಳೆದ. ಮೇಸ್ತ್ರಿಯೂ ಸೇರಿ ಯಾರೂ ಅಲ್ಲಿಂದ ಕದಲಲಿಲ್ಲ, ಯಾರೂ ಬೇಗ ಮಾಡು ಅನ್ನಲಿಲ್ಲ.